ಹ್ಯಾರಿ ಫರ್ಗ್ಯುಸನ್ನನೂ ಟ್ರ್ಯಾಕ್ಟರಿನ ಮೂರು ತೋಳುಗಳೂ

ಕಲ್ಯಾಣದಿಂದ ಮುರಬಾಡದ ಕಡೆಗೆ ಹೋಗುವ ಹೆದ್ದಾರಿಯ ಇಕ್ಕೆಲಗಳಲ್ಲಿ ಬತ್ತದ ಗದ್ದೆಗಳುಂಟು. ಅಂಥ ಗದ್ದೆಗಳಲ್ಲಿ ದುಡಿಯುವ ಇಂದಿನ ಟ್ರ್ಯಾಕ್ಟರಿನ ಹಿಂಬದಿಯನ್ನು ಲಕ್ಷ್ಯವಿಟ್ಟು ನೋಡಿದರೆ ಅಲ್ಲಿ ಮೂರು ತೋಳುಗಳು ಕಾಣುವುವು. ಎರಡು ಕೆಳಗೆ, ಅಕ್ಕಪಕ್ಕದಲ್ಲಿ. ಇನ್ನೊಂದು ಅವುಗಳ ನಡುವೆ, ತುಸು ಮೇಲೆ. ನೇಗಿಲಾಗಲಿ, ಕುಂಟೆಯಾಗಲಿ, ನೆಲವನ್ನು ಮಟ್ಟಮಾಡುವ ಅಗಲವಾದ ಬ್ಲೇಡಾಗಲಿ, ಈ ಮೂರಕ್ಕೂ ಸಿಕ್ಕಿಕೊಂಡೇ ಕೆಲಸ ಮಾಡುವುದು. ಠಾಣೆ, ಡೊಂಬಿವಲಿ, ನವಿ ಮುಂಬಯಿಗಳ ನಿವಾಸಿಗಳಾದ ನಮಗೆ ನೇಗಿಲಿಗಿಂತ ಈ ಬ್ಲೇಡೇ ಹೆಚ್ಚು ಪರಿಚಿತವಾದುದು. ಮಳೆಗಾಲಕ್ಕೆ ಮುಂಚೆ ಮೈದಾನದಲ್ಲಿ ಸುರಿದ ಮುರುಮನ್ನು ಸಣ್ಣ ಟ್ರ್ಯಾಕ್ಟರೊಂದು ಹಿಂದೆ ಎಳೆದ ಬ್ಲೇಡಿನಿಂದ ಹರಡುತ್ತಿರುವುದನ್ನು ನಾವು ಕುತೂಹಲದಿಂದ ನೋಡುತ್ತ ನಿಲ್ಲುವುದುಂಟು. ಆ ಮೂರು ತೋಳುಗಳ ಹಿಂದೆ ಒಬ್ಬ ಮನುಷ್ಯನ ನಲವತ್ತು ವರ್ಷಗಳ ಹಟವಿದೆ. ಆತನೇ ಹ್ಯಾರಿ ಫರ್ಗ್ಯುಸನ್.

ಐರ್ಲೆಂಡಿನ ಉತ್ತರಭಾಗದ ಡೌನ್ ಜಿಲ್ಲೆಯಲ್ಲಿ ಡ್ರೊಮೋರ್ ಎಂಬ ಪಟ್ಟಣದ ಬಳಿ ಗ್ರೋವೆಲ್ ಎಂಬ ಹಳ್ಳಿಯಿದೆ. ೧೮೮೪ನೆಯ ಇಸವಿ ನವಂಬರ ೪ರಂದು ಅಲ್ಲಿಯ ರೈತನೊಬ್ಬನ ಮನೆಯಲ್ಲಿ ಹ್ಯಾರಿ ಹುಟ್ಟಿದನು. ಹನ್ನೊಂದು ಮಂದಿ ಮಕ್ಕಳಲ್ಲಿ ನಾಲ್ಕನೆಯವನು. ತಂದೆ ದೈವಭಕ್ತ; ಬಹಳ ಕಟ್ಟುನಿಟ್ಟಿನ ಮನುಷ್ಯ. ಹುಡುಗನು ಹದಿನಾಲ್ಕನೆಯ ವಯಸ್ಸಿಗೆ ಶಾಲೆಯನ್ನು ಬಿಟ್ಟು ತಂದೆಯ ಹೊಲದಲ್ಲಿ ದುಡಿಯತೊಡಗಿದನು. ಆದರೆ ಆ ದುಡಿಮೆ ಅವನಿಗೆ ಸ್ವಲ್ಪವೂ ಹಿಡಿಸಲಿಲ್ಲ. ೧೯೦೨ರಲ್ಲಿ ಬೆಲ್‌ಫಾಸ್ಟ್ ನಗರಕ್ಕೆ ಹೋಗಿ, ಅಣ್ಣ ಜೋ ನಡೆಸುತ್ತಿದ್ದ ಸೈಕಲ್ ಮತ್ತು ಮೋಟಾರು ದುರಸ್ತಿಯ ಅಂಗಡಿಯನ್ನು ಸೇರಿಕೊಂಡನು. ಹೊಲವನ್ನು ಬಿಟ್ಟು ಓಡಿದವನೇ ಮುಂದೆ ಲೋಕದ ಹೊಲಗಳ ರೀತಿಯನ್ನು ಬದಲಿಸಿದನೆಂಬುದು ವಿನೋದದ ಸಂಗತಿಯೇ ಸರಿ.

ಇಲ್ಲಿ ನಮಗೆ ನಮ್ಮ ನಾಡಿನ ಇನ್ನೊಬ್ಬರ ನೆನಪಾಗುತ್ತದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ೧೮೬೯ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅಧ್ಯಾಪಕರಾಗಿದ್ದವರು. ಬೆಳಗಾವಿಯಲ್ಲಿ ಸೈಕಲ್ ವ್ಯಾಪಾರದಿಂದ ಉದ್ಯಮಕ್ಕೆ ಇಳಿದು, ಬಳಿಕ ಕಬ್ಬಿಣದ ನೇಗಿಲನ್ನು ತಯಾರಿಸಿ, ೧೯೧೦ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದವರು. ಇವರೂ ಸೈಕಲ್ಲಿನಿಂದ ನೇಗಿಲಿಗೆ ಬಂದವರು, ಆತನೂ ಸೈಕಲ್ಲಿನಿಂದ ನೇಗಿಲಿಗೆ ಬಂದವನು.

ಆದರೆ ಫರ್ಗ್ಯುಸನ್ನನು ನಡುವೆ ಆಕಾಶಕ್ಕೂ ಹೋಗಿ ಬಂದನು. ತಾನೇ ರಚಿಸಿದ ವಿಮಾನದಲ್ಲಿ ಕುಳಿತು ೧೯೦೯ರ ಡಿಸೆಂಬರ ೩೧ರಂದು ಹಿಲ್ಸ್‌ಬರೋ ಎಂಬಲ್ಲಿ ೧೩೦ ಗಜಗಳಷ್ಟು ದೂರ ಹಾರಿದನು. ಐರ್ಲೆಂಡಿನ ನೆಲದಿಂದ ಮೇಲೆದ್ದ ಮೊದಲನೆಯ ವಿಮಾನ ಅದು. ವಿಮಾನಗಳ ವಿಷಯದಲ್ಲಿ ಅಣ್ಣತಮ್ಮಂದಿರಿಗೆ ಮನಸ್ತಾಪ ಬಂದು ೧೯೧೧ರಲ್ಲಿ ಹ್ಯಾರಿಯು ಬೇರೆ ಅಂಗಡಿಯನ್ನು ತೆರೆದನು. ಮೋಟಾರುಗಳ ಜೊತೆಗೆ ಅಮೆರಿಕದಿಂದ ಬಂದ ಟ್ರ್ಯಾಕ್ಟರುಗಳ ಮಾರಾಟವೂ ಅಲ್ಲಿ ನಡೆಯುತ್ತಿತ್ತು.

ಮೊದಲನೆಯ ಮಹಾಯುದ್ಧದ ಕಾಲ. ಹಡಗುಗಳು ಮುಳುಗುತ್ತಿದ್ದುದರಿಂದ ಬ್ರಿಟನ್ನಿನಲ್ಲಿ ಆಹಾರಕ್ಕೆ ಅಭಾವ ತಲೆದೋರಿತ್ತು. ೧೯೧೭ರಲ್ಲಿ ಐರ್ಲೆಂಡಿನ ಕೃಷಿ ಇಲಾಖೆಯವರು ಊರೂರು ತಿರುಗಿ ರೈತರಿಗೆ ಟ್ರ್ಯಾಕ್ಟರಿನ ಬಳಕೆಯನ್ನು ತಿಳಿಸಿಕೊಡಬೇಕೆಂದು ಫರ್ಗ್ಯುಸನ್ನನನ್ನು ಕೇಳಿಕೊಂಡರು. ವಿಲಿಯಂ ಸ್ಯಾಂಡ್ಸ್ ಎಂಬ ಕುಶಲ ಸಹಾಯಕನೊಡನೆ ಆತನು ಹೊರಟನು. ಆ ತಿರುಗಾಟವೇ ಆತನ ಬಾಳಿನ ದಿಕ್ಕನ್ನು ನಿರ್ಣಯಿಸಿತು.

ಅಂದಿನ ಟ್ರ್ಯಾಕ್ಟರು ಎತ್ತಿನ ಬದಲಿಗೆ ನಿಲ್ಲಿಸಿದ ಕಬ್ಬಿಣದ ಎತ್ತು, ಅಷ್ಟೆ. ಅದರ ಹಿಂದೆ ಸರಪಣಿಯಿಂದ ನೇಗಿಲನ್ನು ಕಟ್ಟಿ ಎಳೆಸುತ್ತಿದ್ದರು. ಎತ್ತಿಗಾದರೋ ತಿಳಿವಳಿಕೆಯುಂಟು, ಗುಳವು ಬಂಡೆಗೆ ತಾಗಿದೊಡನೆ ನಿಂತುಬಿಡುತ್ತದೆ. ಯಂತ್ರಕ್ಕೆ ಅದಿಲ್ಲ. ನೇಗಿಲು ಸಿಕ್ಕಿಕೊಂಡು ಚಕ್ರಗಳು ಮುಂದೆ ಉರುಳಲಾರದೆ ಹೋದಾಗ, ಎಂಜಿನಿನ ಬಲವೆಲ್ಲ ಟ್ರ್ಯಾಕ್ಟರಿನ ಮೂತಿಯನ್ನೇ ಮೇಲಕ್ಕೆ ಎತ್ತುತ್ತಿತ್ತು. ಕ್ಷಣಮಾತ್ರದಲ್ಲಿ ಇಡೀ ಯಂತ್ರವು ಹಿಂಚಕ್ರದ ಅಚ್ಚಿನ ಮೇಲೆ ಹಿಂದಕ್ಕೆ ಮಗುಚಿ ಚಾಲಕನ ಮೇಲೆ ಬೀಳುತ್ತಿತ್ತು. ಹೀಗೆ ಪ್ರಾಣ ಕಳೆದುಕೊಂಡ ರೈತರು ಒಬ್ಬಿಬ್ಬರಲ್ಲ. ಇದಕ್ಕೆ ತಯಾರಕರು ಕಂಡುಕೊಂಡ ಉಪಾಯವೆಂದರೆ ಟ್ರ್ಯಾಕ್ಟರಿನ ತೂಕವನ್ನು ಹೆಚ್ಚಿಸುವುದು. ತೂಕ ಹೆಚ್ಚಿದರೆ ನೆಲ ಗಟ್ಟಿಯಾಗಿ ಅಮರುವುದು, ಎಣ್ಣೆ ಹೆಚ್ಚು ಸುಡುವುದು, ಬೆಲೆ ಬಡವನ ಕೈಗೆ ಎಟುಕದಾಗುವುದು. ಫರ್ಗ್ಯುಸನ್ನನಿಗೆ ಈ ದಾರಿಯೇ ತಪ್ಪೆಂದು ತೋರಿತು. ನೇಗಿಲನ್ನು ಎಳೆಯುವ ವಸ್ತುವೆಂದು ಬಗೆಯದೆ ಟ್ರ್ಯಾಕ್ಟರಿನ ಅಂಗವನ್ನಾಗಿಯೇ ಮಾಡಬೇಕು. ಆಗ ಹಗುರವಾದ ಯಂತ್ರವೂ ಭಾರದ ಕೆಲಸವನ್ನು ಮಾಡಬಲ್ಲುದು ಎಂಬುದು ಆತನ ನಿಶ್ಚಯ.

ಅಲ್ಲಿಂದ ಮುಂದಿನ ಹದಿನೈದು ವರ್ಷಗಳು ಪ್ರಯೋಗಗಳಲ್ಲಿಯೇ ಕಳೆದುವು. ಕೊನೆಗೆ ದೊರೆತ ಉತ್ತರ ನೋಡಲು ಸರಳ. ಕೆಳಗಿನ ಎರಡು ತೋಳುಗಳು ಉಪಕರಣವನ್ನು ಎಳೆಯುವುವು. ಮಣ್ಣು ಉಪಕರಣದ ತುದಿಯನ್ನು ಹಿಂದಕ್ಕೆ ಒತ್ತಿದಾಗ ಅದರ ಮೇಲ್ತುದಿ ಮುಂದಕ್ಕೆ ಬಾಗಲು ನೋಡುವುದು. ಆಗ ಮೇಲಿನ ತೋಳು ಟ್ರ್ಯಾಕ್ಟರನ್ನು ಮುಂದಕ್ಕೆ ಒತ್ತಿ, ಮೂತಿ ಮೇಲೇಳದಂತೆ ಹಿಡಿಯುವುದು. ಅಂದರೆ ಯಾವ ಎಳೆತ ಮೊದಲು ಟ್ರ್ಯಾಕ್ಟರನ್ನು ಮಗುಚುತ್ತಿತ್ತೋ ಅದೇ ಎಳೆತವು ಈಗ ಅದನ್ನು ನೆಲಕ್ಕೆ ಅಮುಕಿ ಹಿಡಿಯಿತು. ಇದರ ಜೊತೆಗೆ ಎಣ್ಣೆಯ ಒತ್ತಡದಿಂದ ತೋಳುಗಳನ್ನು ಎತ್ತಿ ಇಳಿಸುವ ಹೈಡ್ರಾಲಿಕ್ ಏರ್ಪಾಡು. ಮೇಲಿನ ತೋಳಿಗೆ ಬೀಳುವ ಒತ್ತಡವನ್ನು ಅದು ತಾನೇ ಅರಿತು, ಎಳೆತ ಹೆಚ್ಚಾದರೆ ನೇಗಿಲನ್ನು ತುಸು ಎತ್ತುವುದು, ಕಡಮೆಯಾದರೆ ಇಳಿಸುವುದು. ಗುಳವು ಬಂಡೆಗೆ ಸಿಕ್ಕಿದರೆ ಹಿಂಚಕ್ರದ ಮೇಲಿನ ಭಾರ ತಟ್ಟನೆ ಕಡಮೆಯಾಗಿ ಚಕ್ರಗಳು ನಿಂತಲ್ಲೇ ಸುತ್ತುವುವೇ ಹೊರತು ಟ್ರ್ಯಾಕ್ಟರು ಮಗುಚುವುದಿಲ್ಲ.

೧೯೩೩ರಲ್ಲಿ ಮಾದರಿಯ ಯಂತ್ರವೊಂದು ಸಿದ್ಧವಾಯಿತು. ಕಪ್ಪು ಬಣ್ಣ ಬಳಿದಿದ್ದ ಅದಕ್ಕೆ ಕಪ್ಪು ಟ್ರ್ಯಾಕ್ಟರೆಂದೇ ಹೆಸರು ನಿಂತಿತು. ೧೯೩೬ರಲ್ಲಿ ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನಲ್ಲಿ ಡೇವಿಡ್ ಬ್ರೌನ್ ಎಂಬವನ ಕಾರಖಾನೆ ಅದನ್ನು ಮಾಡಿ ಮಾರಲು ಒಪ್ಪಿತು. ಆದರೆ ಮಾರಾಟವಾದದ್ದು ಹೆಚ್ಚು ಕಡಮೆ ೧,೩೫೦ ಮಾತ್ರ. ಟ್ರ್ಯಾಕ್ಟರಿನ ಜೊತೆಗೆ ಅದಕ್ಕೆ ಹೊಂದುವ ಉಪಕರಣಗಳನ್ನೂ ಕೊಳ್ಳಬೇಕಾದುದು ರೈತರಿಗೆ ಭಾರವಾಗಿ ಕಂಡಿತು.

೧೯೩೮ರ ಶರತ್ಕಾಲದಲ್ಲಿ ಫರ್ಗ್ಯುಸನ್ನನು ತನ್ನ ಟ್ರ್ಯಾಕ್ಟರನ್ನು ಹಡಗಿನಲ್ಲಿ ಹಾಕಿಸಿ ಅಮೆರಿಕಕ್ಕೆ ಹೋದನು. ಡಿಯರ್‌ಬಾರ್ನಿನ ಹೊಲದಲ್ಲಿ ಮುದುಕನಾದ ಹೆನ್ರಿ ಫೋರ್ಡನ ಎದುರಿಗೆ ಅದನ್ನು ನಡೆಸಿ ತೋರಿಸಿದನು. ಬಳಿಕ ಬಯಲಿನಲ್ಲಿಯೇ ಮೇಜು ಹಾಕಿ ಇಬ್ಬರೂ ಕುಳಿತರು. ಸುರುಳಿ ತಿರುಪಿ ಓಡಿಸುವ ಆಟಿಕೆಯಷ್ಟು ಚಿಕ್ಕ ಮಾದರಿಯಿಂದ ಫರ್ಗ್ಯುಸನ್ನನು ತನ್ನ ತತ್ತ್ವವನ್ನು ವಿವರಿಸಿದನು. ಟ್ರ್ಯಾಕ್ಟರು ತಯಾರಿಸುವುದು ಫೋರ್ಡನ ಕೆಲಸ, ಮಾರುವುದು ಫರ್ಗ್ಯುಸನ್ನನ ಕೆಲಸ ಎಂದು ಗೊತ್ತಾಯಿತು. ಕಾಗದವಿಲ್ಲ, ಸಹಿಯಿಲ್ಲ, ಇಬ್ಬರೂ ಕೈ ಕುಲುಕಿದರು. ಕೋಟಿಗಟ್ಟಲೆ ಹಣದ ವ್ಯವಹಾರವನ್ನು ಇಬ್ಬರು ಜಾಣರು ಹೀಗೆ ಗಾಳಿಯಲ್ಲಿ ಬರೆದರೆಂದರೆ ನಮಗೆ ಇಂದಿಗೂ ಆಶ್ಚರ್ಯವೆನಿಸುತ್ತದೆ. ೧೯೩೯ರ ಜೂನ್ ತಿಂಗಳಲ್ಲಿ ಹೊರಬಂದ ಆ ಟ್ರ್ಯಾಕ್ಟರೂ ಅದರ ಮುಂದಿನ ರೂಪವೂ ೧೯೪೭ರೊಳಗಾಗಿ ಮೂರು ಲಕ್ಷಕ್ಕೂ ಮಿಕ್ಕು ತಯಾರಾದುವು.

ಮುದುಕ ಫೋರ್ಡನ ಕೈಯಿಂದ ಅಧಿಕಾರ ಮೊಮ್ಮಗನ ಕೈಗೆ ಬಂತು. ಮೊಮ್ಮಗನು ಲೆಕ್ಕ ಹಾಕಿ, ಟ್ರ್ಯಾಕ್ಟರಿನಿಂದ ನಷ್ಟವೇ ಆಗುತ್ತಿದೆಯೆಂದು ಒಪ್ಪಂದವನ್ನು ಮುರಿದನು. ೧೯೪೭ರಲ್ಲಿ ಫೋರ್ಡ್ ಸಂಸ್ಥೆಯು ಅದೇ ಮೂರು ತೋಳುಗಳಿದ್ದ ಹೊಸ ಟ್ರ್ಯಾಕ್ಟರನ್ನು ತಾನೇ ಮಾರಾಟಕ್ಕೆ ಇಟ್ಟಿತು. ಅಮೆರಿಕದಲ್ಲಿ ಫರ್ಗ್ಯುಸನ್ನನ ಅಂಗಡಿಗಳಿಗೆ ಮಾರಲು ಟ್ರ್ಯಾಕ್ಟರೇ ಇಲ್ಲದಾಯಿತು. ಆತನು ೧೯೪೮ರಲ್ಲಿ ೨೫ ಕೋಟಿ ಡಾಲರಿಗೂ ಮೇಲ್ಪಟ್ಟು ಪರಿಹಾರ ಕೇಳಿ ದಾವೆ ಹೂಡಿದನು. ನಾಲ್ಕು ವರ್ಷಗಳ ವ್ಯಾಜ್ಯದ ತರುವಾಯ ೧೯೫೨ರಲ್ಲಿ ೯೨ ಲಕ್ಷ ೫೦ ಸಾವಿರ ಡಾಲರಿಗೆ ರಾಜಿಯಾಯಿತು. ಕೇಳಿದ್ದಕ್ಕೂ ಬಂದದ್ದಕ್ಕೂ ಅಜಗಜಾಂತರ. ಆದರೂ ದೊಡ್ಡ ಸಂಸ್ಥೆಯು ಸಣ್ಣ ಸಂಶೋಧಕನ ಹಕ್ಕಿಗೆ ಹಣ ತೆತ್ತಿತೆಂಬುದೇ ಆತನಿಗೆ ತೃಪ್ತಿ ಕೊಟ್ಟ ವಿಷಯ.

ಇತ್ತ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ೧೯೪೬ರಿಂದಲೇ ಆತನ ಸ್ವಂತ ಹೆಸರಿನ ಸಣ್ಣ ಬೂದುಬಣ್ಣದ ಟ್ರ್ಯಾಕ್ಟರು ತಯಾರಾಗತೊಡಗಿತ್ತು. ತೂಕ ಸುಮಾರು ಒಂದು ಟನ್ನು ಮಾತ್ರ. ೧೯೫೬ರ ವರೆಗೆ ಐದು ಲಕ್ಷಕ್ಕೂ ಹೆಚ್ಚು ಟ್ರ್ಯಾಕ್ಟರುಗಳು ಹೊರಬಿದ್ದುವು. ಎಡ್ಮಂಡ್ ಹಿಲರಿಯು ೧೯೫೮ರ ಜನವರಿಯಲ್ಲಿ ದಕ್ಷಿಣ ಧ್ರುವವನ್ನು ಮುಟ್ಟಿದುದು ಇಂಥ ಮೂರು ಟ್ರ್ಯಾಕ್ಟರುಗಳ ಸಹಾಯದಿಂದಲೇ.

ಈ ಟ್ರ್ಯಾಕ್ಟರಿಗಾಗಿ ಮಾಡಿದ ಉಪಕರಣಗಳಲ್ಲಿ ನೆಲ ಮಟ್ಟಮಾಡುವ, ಬದು ಹಾಕುವ ಬ್ಲೇಡೂ ಒಂದು. ಆದರೆ ಫರ್ಗ್ಯುಸನ್ನನ ಏರ್ಪಾಡಿನ ಒಂದು ಕೊರತೆ ಬ್ಲೇಡಿನಲ್ಲಿಯೇ ಎದ್ದು ಕಂಡಿತು. ಆತನ ಹೈಡ್ರಾಲಿಕ್ ಎಳೆತವನ್ನು ಅರಿಯುತ್ತಿತ್ತು, ಎತ್ತರವನ್ನು ಅರಿಯುತ್ತಿರಲಿಲ್ಲ. ನೇಗಿಲಿಗೆ ಅದು ಸರಿ. ಬ್ಲೇಡಿನ ಮುಂದಾದರೋ ಮಣ್ಣು ರಾಶಿಯಾಗುತ್ತ ಹೋದಂತೆ ಎಳೆತ ಹೆಚ್ಚುವುದು; ಆಗ ಯಂತ್ರವು ಬ್ಲೇಡನ್ನು ಎತ್ತಿಬಿಡುವುದು, ನೆಲದಲ್ಲಿ ಅಲೆಗಳೇಳುವುವು. ಎತ್ತರವನ್ನು ಇದ್ದಂತೆಯೇ ಹಿಡಿದಿಡುವ ಏರ್ಪಾಡು ಮೊದಲು ಬಂದದ್ದು ಎದುರಾಳಿಯಾದ ಫೋರ್ಡನ ೧೯೪೭ರ ಟ್ರ್ಯಾಕ್ಟರಿನಲ್ಲಿ. ಫರ್ಗ್ಯುಸನ್ನನ ಹೆಸರಿನ ಇಂಗ್ಲಿಷ್ ಟ್ರ್ಯಾಕ್ಟರಿಗೆ ಅದು ೧೯೫೬ರಲ್ಲಿ ಸೇರಿತು. ಅಷ್ಟರಲ್ಲಿ ಆತನು ಸಂಸ್ಥೆಯನ್ನು ಬಿಟ್ಟಾಗಿತ್ತು. ತನ್ನ ವಿಚಾರದಲ್ಲಿ ಆತನಿಗಿದ್ದ ಅತಿಯಾದ ಅಭಿಮಾನವೇ ಈ ತಡಕ್ಕೆ ಕಾರಣವಾಗಿರಬೇಕೆಂದು ನಮಗೆ ತೋರುತ್ತದೆ. ಇಂದಿನ ಟ್ರ್ಯಾಕ್ಟರುಗಳಲ್ಲಿ ಇವೆರಡಕ್ಕೂ ಸನ್ನೆಗಳಿರುವುದು ಸಾಮಾನ್ಯ. ಬ್ಲೇಡು ನಡೆಸುವವನು ಎತ್ತರದ ಸನ್ನೆಯನ್ನೇ ಹಿಡಿಯಬೇಕು.

ಬ್ಲೇಡನ್ನು ಆರಿಸುವಾಗಲೂ ಆತನ ಮೂಲಸೂತ್ರವೇ ದಾರಿ ತೋರಿಸುವುದು: ಟ್ರ್ಯಾಕ್ಟರೂ ಉಪಕರಣವೂ ಒಂದೇ ದೇಹವೆಂದು ತಿಳಿದು ಲೆಕ್ಕ ಹಾಕಬೇಕು. ಮೊದಲನೆಯದು ಕೂಡಿಸುವ ಮೊಳೆಗಳ ಗಾತ್ರ. ತೀರ ಚಿಕ್ಕ ಟ್ರ್ಯಾಕ್ಟರುಗಳ ಸೊನ್ನೆಯ ವರ್ಗದಲ್ಲಿ ಅವು ಸುಮಾರು ೧೬ ಮಿಲಿಮೀಟರ್ ದಪ್ಪ; ಒಂದನೆಯ ವರ್ಗದಲ್ಲಿ ಕೆಳಗಿನವು ೨೨, ಮೇಲಿನದು ೧೯. ಎರಡನೆಯದು ಅಗಲ. ಚಕ್ರಗಳ ಹೊರ ಅಂಚುಗಳ ನಡುವೆ ೪ ಅಡಿ ಇದ್ದರೆ ೪ ಅಡಿಯ ಬ್ಲೇಡು ಸಾಲದು. ಮಣ್ಣನ್ನು ಪಕ್ಕಕ್ಕೆ ಸರಿಸಲು ಅದನ್ನು ಓರೆಯಾಗಿ ತಿರುಗಿಸಬೇಕಾಗುವುದು. ೫ ಅಡಿಯ ಬ್ಲೇಡನ್ನು ೩೦ ಡಿಗ್ರಿ ತಿರುಗಿಸಿದರೆ ಅದು ಸವರುವ ಅಗಲ ೫೨ ಅಂಗುಲ. ಆಗಲೂ ಚಕ್ರದ ಗುರುತುಗಳು ಅಳಿಯುವುವು. ತ್ರಿಕೋಣಮಿತಿ ಕಲಿಯುತ್ತಿರುವ ಮೇಲಿನ ತರಗತಿಗಳವರು ಇದನ್ನು ತಾವೇ ಮಾಡಿ ನೋಡಬಹುದು. ಮೂರನೆಯದು ತೂಕ: ತೀರ ಹಗುರವಾದರೆ ಗಟ್ಟಿನೆಲದ ಮೇಲೆ ಜಾರುವುದು, ತೀರ ಭಾರವಾದರೆ ಎತ್ತಿದಾಗ ಮುಂಚಕ್ರಗಳು ನೆಲ ಬಿಡುವುವು.

ಬ್ಲೇಡನ್ನು ಓರೆಮಾಡಲು, ಒಂದು ತುದಿಯನ್ನು ತಗ್ಗಿಸಲು, ಪಕ್ಕಕ್ಕೆ ಸರಿಸಲು ಸಾದಾ ಬ್ಲೇಡಿನಲ್ಲಿ ಪ್ರತಿಸಾರಿಯೂ ಇಳಿದು ಮೊಳೆ ಕೀಳಬೇಕು. ಹೈಡ್ರಾಲಿಕ್ ಬ್ಲೇಡಿನಲ್ಲಿ ಈ ಕೆಲಸಗಳನ್ನು ಎಣ್ಣೆಯ ಸಿಲಿಂಡರುಗಳು ಮಾಡುವುವು, ಚಾಲಕನು ಕುಳಿತಲ್ಲಿಂದ ಏಳಬೇಕಾಗಿಲ್ಲ. ಆದರೆ ಎರಡೂ ಕಡೆಗೆ ತಳ್ಳುವ ಒಂದೊಂದು ಸಿಲಿಂಡರಿಗೂ ಎರಡು ಕೊಳವೆಗಳು, ಒಂದು ಸನ್ನೆ ಬೇಕು. ಸಣ್ಣ ಟ್ರ್ಯಾಕ್ಟರಿನಲ್ಲಿ ಇಂಥ ಹೊರಮುಖಗಳು ಒಂದೋ ಎರಡೋ ಇದ್ದಾವು. ಕೆಲವದರಲ್ಲಿ ಒಂದೂ ಇರದು. ಇದನ್ನು ಎಣಿಸದೆ ಮೂರು ಸಿಲಿಂಡರಿನ ಬ್ಲೇಡು ತಂದವನು ಕೈ ಹಿಸುಕಿಕೊಳ್ಳಬೇಕಾದೀತು.

ಜೋಡಿಸುವಾಗ ಸಮನೆಲ ಬೇಕು. ಹಿಂಚಕ್ರಗಳೆರಡರಲ್ಲಿಯೂ ಗಾಳಿ ಸಮವಾಗಿರಬೇಕು, ಕೆಳತೋಳುಗಳು ಒಂದೇ ಎತ್ತರಕ್ಕೆ ಬರಬೇಕು, ಬ್ಲೇಡು ಅತ್ತಿತ್ತ ಓಲಾಡದಂತೆ ಪಕ್ಕದ ಸರಪಣಿಗಳನ್ನು ಬಿಗಿಯಬೇಕು. ಮೇಲಿನ ತೋಳನ್ನು ತಿರುಪಿ ಉದ್ದ ಮಾಡಿದರೆ ಬ್ಲೇಡಿನ ತಲೆ ಹಿಂದಕ್ಕೆ ವಾಲಿ ಅಲಗು ಮಣ್ಣನ್ನು ಕಚ್ಚುವುದು. ಗಿಡ್ಡ ಮಾಡಿದರೆ ತಲೆ ಮುಂದಕ್ಕೆ ಬಾಗಿ ನೆಲವನ್ನು ನಯವಾಗಿ ಸವರುವುದು. ಗಟ್ಟಿಯಾದ ಮುರುಮಿಗೆ ಮೊದಲು ಅದು, ಬಳಿಕ ಇದು. ತಿದ್ದಲು ಕೆಳಗಿಳಿಯುವ ಮುನ್ನ ಬ್ಲೇಡನ್ನು ನೆಲಕ್ಕೆ ಇಳಿಸಿ ಎಂಜಿನನ್ನು ನಿಲ್ಲಿಸತಕ್ಕದ್ದು. ಎತ್ತಿ ನಿಲ್ಲಿಸಿದ ಬ್ಲೇಡಿನ ಕೆಳಗೆ ಕೈಯಿಕ್ಕುವುದು ಪ್ರಾಣಕ್ಕೆ ಅಪಾಯ.

೧೯೫೩ರಲ್ಲಿ ಫರ್ಗ್ಯುಸನ್ನನು ತನ್ನ ಸಂಸ್ಥೆಯನ್ನು ಕೆನಡಾದ ಮ್ಯಾಸ್ಸಿ-ಹ್ಯಾರಿಸ್ ಸಂಸ್ಥೆಯೊಡನೆ ಕೂಡಿಸಿದನು. ಬೆಲೆಯಲ್ಲಿ ಹತ್ತು ಲಕ್ಷ ಡಾಲರಿನ ವ್ಯತ್ಯಾಸ ಉಳಿದಿತ್ತು. ಅದನ್ನು ನಾಣ್ಯ ಚಿಮ್ಮಿಸಿ ತೀರಿಸೋಣವೆಂದು ಆತನೇ ಸೂಚಿಸಿದನು, ಆತನೇ ಸೋತನು. ಮರುವರ್ಷವೇ ಹೊಸ ಒಡನಾಡಿಗಳೊಂದಿಗೆ ಹೊಂದದೆ ಹೊರಬಂದು, ನಾಲ್ಕು ಚಕ್ರಗಳಿಗೂ ಚಾಲನೆಯುಳ್ಳ ಕಾರಿನ ಪ್ರಯೋಗಗಳಲ್ಲಿ ಮುಳುಗಿದನು. ೧೯೬೦ರ ಅಕ್ಟೋಬರ ೨೫ರಂದು ಇಂಗ್ಲೆಂಡಿನ ಸ್ಟೋ-ಆನ್-ದಿ-ವೋಲ್ಡ್ ಎಂಬ ಊರಿನ ಬಳಿಯ ತನ್ನ ಮನೆಯಲ್ಲಿ ತೀರಿಕೊಂಡನು. ಆತನ ಸಂಸ್ಥೆ ನಿರ್ಮಿಸಿದ ನಾಲ್ಕು ಚಕ್ರ ಚಾಲನೆಯ ಪಂದ್ಯದ ಕಾರು ಮರುವರ್ಷ ಔಲ್ಟನ್ ಪಾರ್ಕಿನಲ್ಲಿ ಗೆದ್ದಾಗ ನೋಡಲು ಆತನಿರಲಿಲ್ಲ.

ಆತನು ತೀರಿಕೊಂಡ ವರ್ಷವೇ ಮದರಾಸಿನಲ್ಲಿ ಮ್ಯಾಸ್ಸಿ ಫರ್ಗ್ಯುಸನ್ ಸಹಯೋಗದ ಟ್ಯಾಫೆ ಸಂಸ್ಥೆ ಸ್ಥಾಪನೆಯಾಯಿತು. ೧೯೬೩ರಲ್ಲಿ ಮುಂಬಯಿಯಲ್ಲಿ ಮಹೀಂದ್ರದವರು ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಸಂಸ್ಥೆಯ ಜೊತೆಗೂಡಿ ಟ್ರ್ಯಾಕ್ಟರಿನ ಕಂಪನಿಯನ್ನು ಕಟ್ಟಿದರು; ೧೯೬೭ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವಿ.ಎಸ್.ಟಿ. ಸಂಸ್ಥೆ ಟಿಲ್ಲರುಗಳ ಜೊತೆಗೆ ಸಣ್ಣ ಟ್ರ್ಯಾಕ್ಟರುಗಳಿಗೂ ಹೆಸರಾಯಿತು. ಮೊಳೆಗಳ ವರ್ಗ ಒಂದೇ ಆಗಿದ್ದರೆ ಒಬ್ಬರ ಟ್ರ್ಯಾಕ್ಟರಿಗೆ ಮತ್ತೊಬ್ಬರ ಬ್ಲೇಡು ತಡೆಯಿಲ್ಲದೆ ಕೂಡಿಕೊಳ್ಳುವುದು.