ಶತ್ರುವಿನ ಹೆಸರಿನಲ್ಲೂ ಮಿತ್ರನನ್ನು ಉಳಿಸಿದ ಗುರು

ಜರ್ಮನಿಯ ದಕ್ಷಿಣ ಗಡಿಯಲ್ಲಿ, ಕಾನ್‌ಸ್ಟನ್ಸ್ ಸರೋವರದ ದಡದಲ್ಲಿ ಲಿಟ್ಜೆಲ್‌ಸ್ಟೆಟೆನ್ ಎಂಬ ಪುಟ್ಟ ಧರ್ಮಕೇಂದ್ರ. ಅಲ್ಲಿನ ರೈತನೊಬ್ಬ ಅಮೆರಿಕಾಕ್ಕೆ ವಲಸೆ ಹೋದ ತನ್ನ ಮಗನಿಗೆ ಬರೆದ ಪತ್ರವು ವಿಳಾಸ ಅರ್ಥವಾಗದೆ ಹಿಂದಿರುಗಿತಂತೆ. ಆತನ ಅಳಲನ್ನು ಆಲಿಸಿದ ಧರ್ಮಕೇಂದ್ರದ ಗುರುಗಳು, ಎಲ್ಲ ಭಾಷೆಗಳಿಗೂ ಒಪ್ಪುವ ಒಂದು ಅಕ್ಷರಮಾಲೆಯನ್ನು ರಚಿಸಲು ಕುಳಿತರು. ಅಲ್ಲಿಂದ ಮುಂದೆ ಅವರ ಮನಸ್ಸು ಇಡೀ ಜಗತ್ತಿಗೊಂದು ಭಾಷೆಯತ್ತ ಹರಿಯಿತು. ಅವರೇ ವಂದನೀಯ ಯೋಹಾನ್ ಮಾರ್ಟಿನ್ ಶ್ಲೈಯರ್.

1831ರ ಜುಲೈ 18ರಂದು ಬಾಡೆನ್ ಪ್ರಾಂತ್ಯದ ಓಬರ್‌ಲೌಡಾ ಗ್ರಾಮದಲ್ಲಿ, ಉಪಾಧ್ಯಾಯರ ಮಗನಾಗಿ ಶ್ಲೈಯರ್ ಜನಿಸಿದರು. ಫ್ರೈಬುರ್ಗ್‌ನಲ್ಲಿ ದೈವಶಾಸ್ತ್ರವನ್ನು ಅಭ್ಯಸಿಸಿ 1856ರಲ್ಲಿ ಗುರುದೀಕ್ಷೆ ಪಡೆದರು. ಬಿಸ್ಮಾರ್ಕನ ಕಾಲದಲ್ಲಿ ಜರ್ಮನಿಯ ಸರಕಾರಗಳು ಧರ್ಮಸಭೆಯ ಮೇಲೆ ಹೇರಿದ ಕಿರುಕುಳದ ದಿನಗಳಲ್ಲಿ, ಪ್ರಬೋಧನೆಯೊಂದರ ಕಾರಣಕ್ಕೆ ಸೆರೆಮನೆಯನ್ನೂ ಕಂಡರು. ಸಂಗೀತ, ಕಾವ್ಯ ಮತ್ತು ಭಾಷಾಭ್ಯಾಸ ಅವರ ಬಿಡುವಿನ ಸಂಗಾತಿಗಳಾಗಿದ್ದವು.

1879ರ ಮಾರ್ಚ್ 31ರ ರಾತ್ರಿ ನಿದ್ರೆ ಬಾರದೆ ಹೊರಳಾಡುತ್ತಿದ್ದಾಗ, ಜಗದ್ಭಾಷೆಯನ್ನು ನಿರ್ಮಿಸಲು ದೇವರೇ ಪ್ರೇರೇಪಿಸಿದರೆಂದು ಅವರು ದೃಢವಾಗಿ ನಂಬಿದರು. ಮರುವರ್ಷವೇ ಗ್ರಂಥ ಹೊರಬಂತು. ಭಾಷೆಯ ಹೆಸರು ವೊಲಾಪ್ಯೂಕ್. ಅದರಲ್ಲಿ ವೊಲ್ ಎಂದರೆ ಜಗತ್ತು, ಪ್ಯೂಕ್ ಎಂದರೆ ಭಾಷೆ.

ಹೊಸ ಭಾಷೆಗೆ ಸಾವಿರಾರು ಪದಗಳು ಬೇಕು. ಕಲಿಯುವವನ ನೆನಪಿನ ಶಕ್ತಿಯಾದರೋ ಮಿತವಾದದ್ದು. ನಾವು ಬಾಗಿಲಿನಿಂದ ಹೆಬ್ಬಾಗಿಲನ್ನೂ, ಬೆರಳಿನಿಂದ ಕಿರುಬೆರಳನ್ನೂ, ನ್ಯಾಯದಿಂದ ಅನ್ಯಾಯವನ್ನೂ, ಗುಣದಿಂದ ದುರ್ಗುಣವನ್ನೂ ಪಡೆಯುವಂತೆ, ಶ್ಲೈಯರ್ ಒಂದೇ ಬೇರಿಗೆ ಹಿಂದೆ ಮುಂದೆ ತುಣುಕುಗಳನ್ನು ಜೋಡಿಸಿದರು. ದೋಮ್ ಎಂದರೆ ಮನೆ, ಲೆದೋಮ್ ಅರಮನೆ, ದೋಮಿಲ್ ಪುಟ್ಟ ಮನೆ, ಲುದೋಮ್ ಹೀನಸ್ಥಿತಿಯ ಗುಡಿಸಲು. ಬಿಯೆನ್ ಎಂಬುದು ಜೇನುನೊಣ, ಲುಬಿಯೆನ್ ಎಂಬುದು ಕಣಜ. ಗುಣದ ಏರಿಕೆಗೂ ಮೆಟ್ಟಿಲುಗಳಿದ್ದವು: ಗುದಿಕ್ ಒಳ್ಳೆಯದು, ಗುದಿಕುಮ್ ಇನ್ನೂ ಒಳ್ಳೆಯದು, ಗುದಿಕ್ಯೂನ್ ಎಲ್ಲಕ್ಕಿಂತ ಒಳ್ಳೆಯದು.

ಈ ವ್ಯವಸ್ಥೆಯಲ್ಲಿ ಎರಡು ಸೂಕ್ಷ್ಮಗಳು ಗಮನಾರ್ಹ. ಮೊದಲನೆಯದು, ಸಣ್ಣದಕ್ಕೂ ಹೀನವಾದದ್ದಕ್ಕೂ ಅಲ್ಲಿ ಬೇರೆ ಬೇರೆ ತುಣುಕುಗಳಿವೆ. ಪುಟ್ಟದಾದ ಮಾತ್ರಕ್ಕೆ ಯಾವುದೂ ಕೀಳಲ್ಲ. ಎರಡನೆಯದು, ಶತ್ರುವಿಗೆ ಅವರು ಪ್ರತ್ಯೇಕ ಬೇರನ್ನು ಬಳಸಲಿಲ್ಲ. ಫ್ಲೆನ್ ಎಂದರೆ ಮಿತ್ರ. ಅದರ ಹಿಂದೆ 'ಅಲ್ಲ' ಎಂಬ ಅರ್ಥದ 'ನೆ' ಸೇರಿಸಿದರೆ ನೆಫ್ಲೆನ್, ಅಂದರೆ ಶತ್ರು. ಆ ಒಂದು ಅಕ್ಷರವನ್ನು ಕಿತ್ತೊಡನೆ ಒಳಗಿನ ಮಿತ್ರ ಮತ್ತೆ ಕಾಣಿಸುತ್ತಾನೆ.

ವೊಲಾಪ್ಯೂಕ್ ಮಿಂಚಿನಂತೆ ಹರಡಿತು. 1884ರಲ್ಲಿ ಫ್ರೀಡ್ರಿಖ್ಸ್‌ಹಾಫೆನ್, 1887ರಲ್ಲಿ ಮ್ಯೂನಿಕ್, 1889ರಲ್ಲಿ ಪ್ಯಾರಿಸ್ ನಗರಗಳಲ್ಲಿ ಮಹಾಸಮ್ಮೇಳನಗಳು ಜರುಗಿದವು. 1889ರ ಹೊತ್ತಿಗೆ 283 ಸಂಘಗಳು, 25 ಪತ್ರಿಕೆಗಳು, 316 ಪಠ್ಯಪುಸ್ತಕಗಳು ಇದ್ದುವೆಂದು ಅದರ ಅನುಯಾಯಿಗಳು ಎಣಿಸಿದ್ದರು. ಅನಾರೋಗ್ಯದಿಂದ 1885ರಲ್ಲಿ ಧರ್ಮಕೇಂದ್ರದ ಹೊಣೆಯನ್ನು ಬಿಟ್ಟ ಶ್ಲೈಯರ್ ಕಾನ್‌ಸ್ಟನ್ಸ್ ಪಟ್ಟಣದಲ್ಲಿ ನೆಲೆಸಿ ಇದೇ ಕೆಲಸಕ್ಕೆ ತಮ್ಮನ್ನು ಅರ್ಪಿಸಿಕೊಂಡಿದ್ದರು.

ಆದರೆ ಬಿರುಕು ಒಳಗಿನಿಂದಲೇ ಬಂತು. ಭಾಷೆಯ ಅಕಾಡೆಮಿಗೆ ಮುಖ್ಯಸ್ಥರಾಗಿದ್ದ ವಿದ್ವಾಂಸ ಆಗಸ್ಟ್ ಕೆರ್ಕ್‌ಹಾಫ್ಸ್, ತೊಡಕಿನ ವ್ಯಾಕರಣವನ್ನು ಸರಳಗೊಳಿಸಲು ಬಯಸಿದರು. ಯಾವ ಬದಲಾವಣೆಗೂ ಕೊನೆಯ ಮಾತು ತಮ್ಮದೇ ಆಗಿರಬೇಕೆಂದು ಶ್ಲೈಯರ್ ಪಟ್ಟು ಹಿಡಿದರು. ಅಕಾಡೆಮಿ ಮಣಿಯಲಿಲ್ಲ, ಶ್ಲೈಯರ್ ತಮ್ಮದೇ ಬೇರೊಂದು ಅಕಾಡೆಮಿಯನ್ನು ರಚಿಸಿಕೊಂಡರು. ಅಚ್ಚುಮೆಚ್ಚಿನ ಫ್ಲೆನ್‌ಗಳು ಕಣ್ಣೆದುರೇ ನೆಫ್ಲೆನ್‌ಗಳಾದರು. 1891ರಲ್ಲಿ ಕೆರ್ಕ್‌ಹಾಫ್ಸ್ ರಾಜೀನಾಮೆ ಇತ್ತರು. ಅನೇಕರು 1887ರಲ್ಲಿ ಪ್ರಕಟವಾಗಿದ್ದ ಜಾಮೆನ್‌ಹಾಫ್ ಅವರ ಎಸ್ಪೆರಾಂಟೊ ಭಾಷೆಯತ್ತ ತಿರುಗಿದರು. ಅಲ್ಲಿಯೂ ವಿರುದ್ಧಾರ್ಥಕ್ಕೆ ಒಂದೇ ತುಣುಕು: ಅಮೀಕೊ ಮಿತ್ರ, ಮಲಮೀಕೊ ಶತ್ರು. ಜಾಮೆನ್‌ಹಾಫ್ ಮಾತ್ರ ತಮ್ಮ ಭಾಷೆಯ ಒಡೆತನದ ಹಕ್ಕನ್ನು ಮೊದಲಿಗೇ ಬಿಟ್ಟುಕೊಟ್ಟಿದ್ದರು.

ಪೋಪ್ ಹದಿಮೂರನೆಯ ಲಿಯೋ ಅವರು 1894ರಲ್ಲಿ ಶ್ಲೈಯರ್ ಅವರಿಗೆ ಮೊನ್ಸಿಞೋರ್ ಗೌರವವನ್ನು ನೀಡಿದರು. 1912ರ ಆಗಸ್ಟ್ 16ರಂದು ಕಾನ್‌ಸ್ಟನ್ಸ್‌ನಲ್ಲಿ ಅವರು ದೈವಾಧೀನರಾದರು. ಆ ವೇಳೆಗೆ ಅವರ ಭಾಷೆಯನ್ನಾಡುವವರು ಬೆರಳೆಣಿಕೆಯಷ್ಟು ಮಂದಿ ಮಾತ್ರ ಉಳಿದಿದ್ದರು.

ಇದನ್ನು ಕೇವಲ ಸೋಲಿನ ಕಥೆಯೆಂದು ಬದಿಗಿಡುವುದು ತರವಲ್ಲ. ಜನಾಂಗಗಳನ್ನು ಒಂದುಗೂಡಿಸಲು ಹೊರಟ ಸಜ್ಜನ ಗುರುಗಳೊಬ್ಬರು ತಮ್ಮ ಕೃತಿಯನ್ನು ಇತರರ ಕೈಗೆ ಒಪ್ಪಿಸಲಾರದೆ ಹೋದರು. ನಮ್ಮ ಮನೆಗಳಲ್ಲಿಯೂ ಆಸ್ತಿ, ಅಧಿಕಾರ, ಒಂದು ಬಿರುಸಾದ ಮಾತು ಅಣ್ಣತಮ್ಮಂದಿರ ನಡುವೆ ಅಂಥ 'ನೆ' ಅಕ್ಷರವನ್ನು ತಂದಿಡುವುದುಂಟು. ಶತ್ರುಗಳನ್ನು ಪ್ರೀತಿಸಬೇಕೆಂಬ ಯೇಸುಸ್ವಾಮಿಯ ಆಜ್ಞೆ ಕಠಿಣವೆನಿಸಿದಾಗ ಶ್ಲೈಯರ್ ಅವರ ಆ ಪುಟ್ಟ ಪದವನ್ನು ನೆನೆಯಬಹುದು. ಮುಂದಿನ ಅಕ್ಷರವನ್ನು ತೆಗೆಯುವ ಧೈರ್ಯ ನಮಗಿರಬೇಕು. ಮಿತ್ರನು ಅಲ್ಲಿಯೇ ಇದ್ದಾನೆ.