ಫುಟ್ಬಾಲ್ ಜೊತೆ ರಗ್ಬಿಯನ್ನೂ ತಂದಿದ್ದರು ಮಿಲ್ಲರ್. ಬ್ರೆಜಿಲ್ ಇಟ್ಟುಕೊಂಡಿದ್ದು ಒಂದನ್ನೇ

ಬ್ರೆಜಿಲ್ ಅಂದ ತಕ್ಷಣ ನಮ್ಮ ಹುಡುಗರಿಗೆ ಹಳದಿ ಜೆರ್ಸಿ, ಪೆಲೆ, ನೇಮಾರ್ ನೆನಪಾಗ್ತಾರೆ. ಮಲೆನಾಡಿನ ಕಾಫಿ ಬೆಳೆಗಾರರಿಗೆ ಅಲ್ಲಿನ ಫಸಲು ಹೇಗಿದೆ, ರೇಟು ಎಲ್ಲಿಗೆ ಹೋಯ್ತು ಅನ್ನೋ ಚಿಂತೆ. ರಗ್ಬಿ ಮಾತ್ರ ಯಾರಿಗೂ ನೆನಪಾಗಲ್ಲ. ಆದರೆ ಆ ದೇಶದಲ್ಲಿ ಫುಟ್ಬಾಲ್ ಪಿತಾಮಹ ಎಂದು ಕರೆಸಿಕೊಳ್ಳುವ ಚಾರ್ಲ್ಸ್ ಮಿಲ್ಲರ್ ಅವರೇ ಅಲ್ಲಿ ರಗ್ಬಿ ತಂಡವನ್ನೂ ಕಟ್ಟಿದವರು. ಒಂದು ಆಟ ದೇಶದ ಉಸಿರಾಯ್ತು. ಇನ್ನೊಂದು ಕ್ಲಬ್ಬಿನ ಕಾಂಪೌಂಡ್ ದಾಟೋಕೆ ನೂರು ವರ್ಷ ತಗೊಂಡಿತು.

ಮಿಲ್ಲರ್ ಹುಟ್ಟಿದ್ದು 1874ರ ನವೆಂಬರ್ 24ರಂದು, ಸಾವೊ ಪಾಲೊದಲ್ಲಿ. ತಂದೆ ಜಾನ್ ಮಿಲ್ಲರ್ ಸ್ಕಾಟ್ಲೆಂಡಿನವರು, ರೈಲ್ವೆ ಕೆಲಸಕ್ಕೆ ಅಂತ ಬಂದು ಅಲ್ಲೇ ನೆಲೆ ನಿಂತವರು. ತಾಯಿ ಕಾರ್ಲೋಟಾ ಫಾಕ್ಸ್, ಇಂಗ್ಲಿಷ್ ಮೂಲದ ಬ್ರೆಜಿಲ್ ಹೆಣ್ಣುಮಗಳು. ಒಳನಾಡಿನ ಕಾಫಿಯನ್ನು ಸ್ಯಾಂಟೋಸ್ ಬಂದರಿಗೆ ಇಳಿಸುತ್ತಿದ್ದ ಸಾವೊ ಪಾಲೊ ರೈಲ್ವೆ ಆಗ ಬ್ರಿಟಿಷರ ಕಂಪನಿ. ಸಾಹೇಬರ ಮನೆ ಮಕ್ಕಳನ್ನು ಓದೋಕೆ ಹಡಗು ಹತ್ತಿಸಿ ಇಂಗ್ಲೆಂಡಿಗೆ ಕಳಿಸೋದು ರೂಢಿ. ನಮ್ಮ ದೇಶದಲ್ಲಿದ್ದ ಬ್ರಿಟಿಷರೂ ಇದನ್ನೇ ಮಾಡ್ತಿದ್ದರಲ್ಲ.

1884ರಲ್ಲಿ, ಇನ್ನೂ ಹತ್ತು ತುಂಬದ ಹುಡುಗ ಸೌತಾಂಪ್ಟನ್‌ನ ಬ್ಯಾನಿಸ್ಟರ್ ಕೋರ್ಟ್ ಶಾಲೆಗೆ ಸೇರಿದ. ಹತ್ತು ವರ್ಷ ಅಲ್ಲೇ. ಫುಟ್ಬಾಲ್, ಕ್ರಿಕೆಟ್ ಎಲ್ಲಾ ಕಲಿತ. ಆಳು ಸಣ್ಣ, ಕಾಲು ಚುರುಕು. ಈಗಿನ ಸೌತಾಂಪ್ಟನ್ ಕ್ಲಬ್ಬಿನ ಹಳೇ ರೂಪವಾದ ಸೇಂಟ್ ಮೇರೀಸ್ ತಂಡಕ್ಕೆ ಆಡಿದ. ಆ ಕಾಲದ ಹೆಸರಾಂತ ಹವ್ಯಾಸಿ ತಂಡ ಕೊರಿಂಥಿಯನ್‌ಗೂ ಒಮ್ಮೆ ಆಡುವ ಅವಕಾಶ ಸಿಕ್ಕಿತು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಫುಟ್ಬಾಲ್ ಮತ್ತು ರಗ್ಬಿ ಒಂದೇ ಮನೆಯ ದಾಯಾದಿಗಳು. 1863ರಲ್ಲಿ ಲಂಡನ್ನಿನಲ್ಲಿ ನಿಯಮ ಬರೆಯೋಕೆ ಕೂತಾಗ ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದಾ, ಎದುರಾಳಿಯ ಮೊಣಕಾಲಿನ ಕೆಳಗೆ ಒದೆಯಬಹುದಾ ಅನ್ನೋದರ ಮೇಲೆ ಜಗಳ ಬಂತು. ಬೇಡ ಅಂದವರದ್ದು ಫುಟ್ಬಾಲ್ ಆಯ್ತು. ಕೈಯಲ್ಲಿ ಹಿಡಿದು ಓಡುವವರು 1871ರಲ್ಲಿ ತಮ್ಮದೇ ರಗ್ಬಿ ಸಂಘ ಮಾಡಿಕೊಂಡರು. ಮೊಟ್ಟೆಯಾಕಾರದ ಚೆಂಡು, ತಂಡಕ್ಕೆ ಹದಿನೈದು ಜನ, ಕೈಯಿಂದ ಎಸೆದರೆ ಹಿಂದಕ್ಕೆ ಮಾತ್ರ ಎಸೀಬೇಕು. ಹಾಗಾಗಿ ಮಿಲ್ಲರ್ ಕಾಲದ ಇಂಗ್ಲಿಷ್ ಹುಡುಗರಿಗೆ ಎರಡೂ ಗೊತ್ತಿರೋದು ದೊಡ್ಡ ಸಂಗತಿಯೇನಲ್ಲ.

1894ರಲ್ಲಿ ಮಿಲ್ಲರ್ ಊರಿಗೆ ವಾಪಸ್ ಬಂದರು. ಸಾಮಾನಿನಲ್ಲಿ ಎರಡು ಫುಟ್ಬಾಲ್, ಗಾಳಿ ತುಂಬೋ ಪಂಪು, ಬೂಟು, ನಿಯಮದ ಪುಸ್ತಕ. ತಂದೆ ದುಡಿದ ರೈಲ್ವೆಯಲ್ಲೇ ಕೆಲಸ ಸಿಕ್ಕಿತು. 1888ರಲ್ಲಿ ಶುರುವಾಗಿದ್ದ ಬ್ರಿಟಿಷರ ಸಾವೊ ಪಾಲೊ ಅಥ್ಲೆಟಿಕ್ ಕ್ಲಬ್ಬಿನಲ್ಲಿ ಆಗ ಕ್ರಿಕೆಟ್ ಜೋರು. ಮಿಲ್ಲರ್ ಅವರನ್ನೆಲ್ಲಾ ಎಳೆದುಕೊಂಡು ಬಂದು ಫುಟ್ಬಾಲ್ ಕಲಿಸಿದರು. 1895ರ ಏಪ್ರಿಲ್ 14ರಂದು ವಾರ್ಜಿಯಾ ದೊ ಕಾರ್ಮೊ ಎಂಬ ಹೊಳೆದಂಡೆಯ ಬಯಲಿನಲ್ಲಿ ಪಂದ್ಯ ನಡೆಯಿತು. ಅಲ್ಲಿ ಮೇಯುತ್ತಿದ್ದ ಹೇಸರಗತ್ತೆಗಳನ್ನು ಓಡಿಸಿ ಆಡಿದರು ಅಂತ ಹೇಳ್ತಾರೆ. ರೈಲ್ವೆಯವರು ಗ್ಯಾಸ್ ಕಂಪನಿಯವರನ್ನು 4-2ರಿಂದ ಸೋಲಿಸಿದರು.

ರಗ್ಬಿ ತಂಡ ಕಟ್ಟಿದ್ದೂ ಅದೇ 1895ರಲ್ಲಿ. ಇದರ ಬಗ್ಗೆ ತಕರಾರೂ ಇದೆ. ರಿಯೊ ನಗರದಲ್ಲಿ 1891ರಲ್ಲೇ ರಗ್ಬಿ ಕ್ಲಬ್ ಇತ್ತು ಅನ್ನುವವರಿದ್ದಾರೆ. ಫುಟ್ಬಾಲ್ ವಿಷಯದಲ್ಲೂ ಬಾಂಗು ಬಟ್ಟೆ ಗಿರಣಿಯ ಥಾಮಸ್ ಡಾನೊಹೊ ಎಂಬ ಸ್ಕಾಟಿಷ್ ಕಾರ್ಮಿಕ ಮೊದಲು ಆಡಿಸಿದ ಅಂತ ವಾದವಿದೆ. ಮೊದಲು ಯಾರು ಅನ್ನೋ ಜಗಳ ಎಲ್ಲಾ ಊರಲ್ಲೂ ಇರೋದೇ. ಸಾವೊ ಪಾಲೊದಲ್ಲಿ ಎರಡೂ ಚೆಂಡಿನ ಹಿಂದೆ ಇದ್ದ ಕೈ ಮಿಲ್ಲರ್ ಅವರದ್ದು.

1902ರಲ್ಲಿ ಅಲ್ಲಿನ ಮೊದಲ ಲೀಗ್ ಶುರುವಾಯ್ತು. 1902, 1903, 1904 ಮೂರು ವರ್ಷವೂ ಮಿಲ್ಲರ್ ತಂಡವೇ ಚಾಂಪಿಯನ್. ಮೊದಲ ವರ್ಷ ಅತಿ ಹೆಚ್ಚು ಅಂದರೆ 10 ಗೋಲು ಅವರದ್ದೇ. ಹಿಮ್ಮಡಿಯಿಂದ ಚೆಂಡು ಹಾರಿಸುವ ಅವರ ಒಂದು ಪಟ್ಟಿಗೆ ಜನ ಅವರ ಹೆಸರನ್ನೇ ತಿರುಚಿ ಶಲೇರಾ ಅಂತ ಕರೆದರು.

ಆಮೇಲೆ ಆಟ ಸಾಹೇಬರ ಕೈಯಲ್ಲಿ ಉಳೀಲಿಲ್ಲ. ಬ್ರೆಜಿಲ್‌ನಲ್ಲಿ ಗುಲಾಮಗಿರಿ ರದ್ದಾಗಿದ್ದೇ 1888ರಲ್ಲಿ. ಕಪ್ಪು ಜನ, ಇಟಲಿಯಿಂದ ಬಂದ ಕೂಲಿಗಳು, ಗಿರಣಿ ಹುಡುಗರು ಬೇಲಿ ಆಚೆ ನಿಂತು ನೋಡಿ ಕಲಿತರು. ಚಿಂದಿ ಸುತ್ತಿ ಚೆಂಡು ಮಾಡಿದರೂ ಫುಟ್ಬಾಲ್ ಆಡಬಹುದು, ಗಲ್ಲಿಯಲ್ಲಿ ನಾಲ್ಕು ಜನ ಇದ್ದರೂ ಸಾಕು. ರಗ್ಬಿಗೆ ಹದಿನೈದು ಜನ ಬೇಕು, ಬಿದ್ದರೆ ಮೂಳೆ ಮುರಿಯದ ಹುಲ್ಲಿನ ಮೈದಾನ ಬೇಕು. ಕಲ್ಲು ಹಾಸಿನ ಬೀದಿಯಲ್ಲಿ ಟ್ಯಾಕಲ್ ಮಾಡೋಕಾಗುತ್ತಾ? ಬಡವರ ಕೈಗೆ ಆ ಆಟ ಸಿಗದೇ ಹೋಗಿದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ಹುಡುಕೋದು ಬೇಡ.

1910ರಲ್ಲಿ ಇಂಗ್ಲೆಂಡಿನ ಕೊರಿಂಥಿಯನ್ ತಂಡ ಪ್ರವಾಸ ಬಂತು. ಅದನ್ನು ನೋಡಿದ ಐವರು ಕಾರ್ಮಿಕರು ಅದೇ ಹೆಸರಿಟ್ಟು ಕೊರಿಂಥಿಯನ್ಸ್ ಕ್ಲಬ್ ಕಟ್ಟಿದರು. ಇವತ್ತು ಕೋಟಿಗಟ್ಟಲೆ ಅಭಿಮಾನಿಗಳಿರುವ ಕ್ಲಬ್ ಅದು. ಅದೇ ಹೊತ್ತಿಗೆ ಮಿಲ್ಲರ್ ಆಟಕ್ಕೆ ವಿದಾಯ ಹೇಳಿದರು. ಅವರ ಕ್ಲಬ್ 1911ರಲ್ಲಿ ಕೊನೆಯ ಸಲ ಕಪ್ ಗೆದ್ದು, 1912ರಲ್ಲಿ ಫುಟ್ಬಾಲ್ ಲೀಗನ್ನೇ ಬಿಟ್ಟಿತು. ದೇಶಕ್ಕೆ ಫುಟ್ಬಾಲ್ ಕಲಿಸಿದ ಕ್ಲಬ್ ಫುಟ್ಬಾಲ್ ಬಿಟ್ಟು ರಗ್ಬಿ ಉಳಿಸಿಕೊಂಡಿತು! ಮುಂದೆ ರಾಷ್ಟ್ರೀಯ ರಗ್ಬಿಯಲ್ಲಿ ಅದು ಹಲವು ಬಾರಿ ಚಾಂಪಿಯನ್ ಕೂಡ ಆಯಿತು.

ಮನೆಯ ಕಡೆ ಅಷ್ಟು ಸುಖ ಇರಲಿಲ್ಲ. ಪತ್ನಿ ಆಂಟೋನಿಯೆಟಾ ರೂಜ್ ದೊಡ್ಡ ಪಿಯಾನೊ ಕಲಾವಿದೆ. ಇಬ್ಬರು ಮಕ್ಕಳಾದ ಮೇಲೆ ಅವರು ಮಿಲ್ಲರ್ ಅವರನ್ನು ಬಿಟ್ಟು ಕವಿ ಮೆನೊಟ್ಟಿ ದೆಲ್ ಪಿಕಿಯಾ ಜೊತೆ ಬದುಕಿದರು.

1950ರಲ್ಲಿ ಮರಕಾನಾದಲ್ಲಿ ಉರುಗ್ವೆ ಎದುರು ಬ್ರೆಜಿಲ್ 2-1ರಿಂದ ಸೋತು ಇಡೀ ದೇಶ ಅತ್ತಾಗ ಮಿಲ್ಲರ್‌ಗೆ 75 ವರ್ಷ. ಮರುವರ್ಷ ಬ್ಯೂನಸ್ ಐರಿಸ್‌ನಲ್ಲಿ ಬ್ರೆಜಿಲ್ ರಗ್ಬಿ ತಂಡ ಅರ್ಜೆಂಟೀನಾ ಎದುರು 72-0ರಿಂದ ಸೋತಿತು. ಅದಕ್ಕೆ ಯಾರೂ ಅಳಲಿಲ್ಲ. 1953ರ ಜೂನ್ 30ರಂದು ಮಿಲ್ಲರ್ ತೀರಿಕೊಂಡರು. ಬ್ರೆಜಿಲ್ ಮೊದಲ ವಿಶ್ವಕಪ್ ಗೆದ್ದಿದ್ದು ಅದಾಗಿ ಐದು ವರ್ಷಕ್ಕೆ.

ಸಾವೊ ಪಾಲೊದ ಪಕಾಯೆಂಬು ಸ್ಟೇಡಿಯಂ ಮುಂದಿನ ಚೌಕಕ್ಕೆ ಅವರ ಹೆಸರಿದೆ, ಫುಟ್ಬಾಲ್ ಲೆಕ್ಕದಲ್ಲಿ. ರಗ್ಬಿ ಲೆಕ್ಕ ನಿಧಾನಕ್ಕೆ ತುಂಬ್ತಾ ಇದೆ. 2016ರ ರಿಯೊ ಒಲಿಂಪಿಕ್ಸ್‌ಗೆ ರಗ್ಬಿ 92 ವರ್ಷದ ನಂತರ ಮರಳಿದಾಗ ಆತಿಥೇಯ ಬ್ರೆಜಿಲ್‌ನ ಗಂಡಸರು 12ನೇ ಅಂದರೆ ಕಡೇ ಸ್ಥಾನ, ಹೆಂಗಸರು 9ನೇ ಸ್ಥಾನ ಪಡೆದರು. 2025ರ ಮಹಿಳಾ ರಗ್ಬಿ ವಿಶ್ವಕಪ್ ನಡೆದಿದ್ದು ಇಂಗ್ಲೆಂಡಿನಲ್ಲಿ. ದಕ್ಷಿಣ ಅಮೆರಿಕದಿಂದ ಆ ಟೂರ್ನಿಗೆ ಅರ್ಹತೆ ಪಡೆದ ಮೊಟ್ಟಮೊದಲ ತಂಡ ಬ್ರೆಜಿಲ್ ಹೆಣ್ಣುಮಕ್ಕಳದ್ದು.