ರಾಜ್ಯದ ಲೆಕ್ಕ ಜನರ ಮುಂದಿಟ್ಟ ದಿವಾನ್ ರಂಗಾಚಾರ್ಲು

ಸಹಕಾರಿ ಸಂಘದ ಸ್ಮರಣ ಸಂಚಿಕೆ ಅಂದಮೇಲೆ 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಹಕಾರಿ ಸಂಘ ಕಟ್ಟಿದ ಸಿದ್ದನಗೌಡ ಪಾಟೀಲರನ್ನು ನೆನೆಯುವುದು ವಾಡಿಕೆ. ಅದು ಯೋಗ್ಯವೇ ಸರಿ. ಆದರೆ ಈ ಬೆಳ್ಳಿ ಹಬ್ಬದ ಸಂದರ್ಭದಲ್ಲಿ ಇನ್ನೊಬ್ಬ ಹಿರಿಯರನ್ನೂ ಸ್ಮರಿಸಬೇಕು ಅನ್ನಿಸುತ್ತದೆ. ಅವರು ಸಹಕಾರಿ ಧುರೀಣರಲ್ಲ. ನಮ್ಮ ದೇಶದಲ್ಲಿ ಸಹಕಾರ ಸಂಘದ ಕಾಯಿದೆ ಬರುವುದಕ್ಕೆ ಇಪ್ಪತ್ತು ವರ್ಷ ಮೊದಲೇ ತೀರಿಕೊಂಡವರು. ಆದರೂ ವರ್ಷಕ್ಕೊಮ್ಮೆ ಸಭೆ ಸೇರಿಸಿ, ಜಮಾ ಖರ್ಚು ಓದಿ ಹೇಳಿ, ಜನರ ಮಾತು ಕೇಳುವ ಪದ್ಧತಿಯನ್ನು ಇಡೀ ಮೈಸೂರು ರಾಜ್ಯಕ್ಕೆ ತಂದವರು. ಅವರೇ ದಿವಾನ್ ಸಿ. ರಂಗಾಚಾರ್ಲು.

ರಂಗಾಚಾರ್ಲು ಹುಟ್ಟಿದ್ದು 1831ರಲ್ಲಿ, ಮದ್ರಾಸು ಪ್ರಾಂತದ ಚೆಂಗಲಪಟ್ಟು ಜಿಲ್ಲೆಯಲ್ಲಿ. ಅದೇ ವರ್ಷ ಮೈಸೂರಿನಲ್ಲಿ ದೊಡ್ಡ ಘಟನೆಯೊಂದು ನಡೆದಿತ್ತು. ಕಂದಾಯದ ಹೊರೆ ಮತ್ತು ಅಧಿಕಾರಿಗಳ ಕಾಟ ತಾಳಲಾರದೆ ನಗರ ಸೀಮೆಯ ರೈತರು ದಂಗೆ ಎದ್ದರು. ಅದನ್ನೇ ಮುಂದೆ ಮಾಡಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡರು. ಆಮೇಲೆ ಐವತ್ತು ವರ್ಷ ಕಮಿಷನರುಗಳ ಆಳ್ವಿಕೆ. ಹೀಗೆ ಕಳೆದುಹೋದ ರಾಜ್ಯವನ್ನು ಮತ್ತೆ ನಿಲ್ಲಿಸುವ ಹೊಣೆ, ಅದು ಕಳೆದ ವರ್ಷವೇ ಹುಟ್ಟಿದ ಮಗುವಿನ ಹೆಗಲಿಗೆ ಬಂತು.

ಅವರು ಸರ್ಕಾರಿ ಕೆಲಸವನ್ನು ಕೆಳಗಿನ ಮೆಟ್ಟಿಲಿನಿಂದಲೇ ಆರಂಭಿಸಿದವರು. ಗುಮಾಸ್ತಗಿರಿಯಿಂದ ಶುರುಮಾಡಿ ಮೇಲೇರಿದ್ದರಿಂದ ಕಚೇರಿಯ ಒಳಗುಟ್ಟು ಅವರಿಗೆ ಚೆನ್ನಾಗಿ ಗೊತ್ತಿತ್ತು. ಲಂಚದ ಪಿಡುಗಿನ ಬಗ್ಗೆ ಇನ್ನೂ ಚಿಕ್ಕ ಹುದ್ದೆಯಲ್ಲಿದ್ದಾಗಲೇ ಬರೆದು ಪ್ರಕಟಿಸಿದ ಧೈರ್ಯಸ್ಥರು. 1868ರಲ್ಲಿ ಮುಮ್ಮಡಿಯವರು ಕಾಲವಾದ ಮೇಲೆ ಅರಮನೆಯ ಲೆಕ್ಕಪತ್ರ, ಸಾಲಸೋಲಗಳನ್ನು ಸರಿಪಡಿಸಲು ಅವರನ್ನು ಮೈಸೂರಿಗೆ ಕರೆಸಲಾಯಿತು. 1874ರಲ್ಲಿ ಮೈಸೂರಿನ ಬ್ರಿಟಿಷ್ ಆಡಳಿತವನ್ನು ವಿಮರ್ಶಿಸಿ ಪುಸ್ತಿಕೆ ಬರೆದರು, ಅದು ಲಂಡನ್ನಿನಲ್ಲಿ ಅಚ್ಚಾಯಿತು. ಸರ್ಕಾರದ ಅನ್ನ ತಿನ್ನುತ್ತಲೇ ಸರ್ಕಾರದ ದುಂದು ವೆಚ್ಚವನ್ನು ಎತ್ತಿ ಹೇಳುವುದು ಆ ಕಾಲಕ್ಕೆ ಸಣ್ಣ ಮಾತಲ್ಲ.

1881ರ ಮಾರ್ಚ್ 25ರಂದು ಹತ್ತನೆಯ ಚಾಮರಾಜ ಒಡೆಯರಿಗೆ ರಾಜ್ಯ ಮರಳಿ ಬಂತು. ರಂಗಾಚಾರ್ಲು ದಿವಾನರಾದರು. ಆದರೆ ಕೈಗೆ ಬಂದದ್ದು ಎಂಥ ರಾಜ್ಯ! 1876ರಿಂದ 78ರವರೆಗಿನ ಭೀಕರ ಬರದಲ್ಲಿ ಊರಿಗೆ ಊರೇ ಬರಿದಾಗಿತ್ತು. 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷದ ಒಳಕ್ಕೆ ಇಳಿದಿತ್ತು. ಖಜಾನೆ ಖಾಲಿ, ಮೇಲೆ 80 ಲಕ್ಷ ರೂಪಾಯಿ ಸಾಲ. ಸಾಲದ್ದಕ್ಕೆ ಬ್ರಿಟಿಷರಿಗೆ ವರ್ಷ ವರ್ಷವೂ ಪೊಗದಿ ಕಟ್ಟಬೇಕು. ಜನರಿಗೆ ಸರ್ಕಾರವೆಂದರೆ ಕಂದಾಯ ವಸೂಲಿಗೆ ಬರುವ ಅಮಲ್ದಾರ ಮತ್ತು ಶೇಕದಾರ, ಅಷ್ಟೇ.

ಇಂಥ ಹೊತ್ತಿನಲ್ಲಿ ಯಾವ ಆಡಳಿತಗಾರನಾದರೂ ಲೆಕ್ಕ ಮುಚ್ಚಿಡಲು ನೋಡುತ್ತಾನೆ. ರಂಗಾಚಾರ್ಲು ಮಾಡಿದ್ದು ಇದಕ್ಕೆ ತದ್ವಿರುದ್ಧ. ಅಧಿಕಾರಕ್ಕೆ ಬಂದ ಐದೇ ತಿಂಗಳಲ್ಲಿ, 1881ರ ಆಗಸ್ಟ್‌ನಲ್ಲಿ, ಪ್ರಜಾಪ್ರತಿನಿಧಿ ಸಭೆಯ ಆಜ್ಞೆ ಹೊರಟಿತು. ತಾಲ್ಲೂಕಿಗೆ ಒಬ್ಬರೋ ಇಬ್ಬರೋ ಹಿಡುವಳಿದಾರ ರೈತರು, ಜಿಲ್ಲೆಗೆ ಮೂರು ನಾಲ್ಕು ಜನ ವರ್ತಕರು ದಸರಾ ಸಮಯಕ್ಕೆ ಮೈಸೂರಿಗೆ ಬರಬೇಕು. ಕಳೆದ ವರ್ಷದ ಆಡಳಿತ ಹೇಗೆ ನಡೆಯಿತು, ಮುಂದೆ ಏನು ಮಾಡಬೇಕೆಂದಿದ್ದೇವೆ ಎಂಬುದನ್ನು ದಿವಾನರು ಅವರ ಮುಂದೆ ಹೇಳಬೇಕು. ಅವರ ಕಷ್ಟಸುಖ ಕೇಳಬೇಕು. 1881ರ ಅಕ್ಟೋಬರ್ 7ರಂದು 144 ಮಂದಿ ಪ್ರತಿನಿಧಿಗಳೊಂದಿಗೆ ಮೊದಲ ಸಭೆ ನಡೆಯಿತು. ದಸರೆ ದರ್ಬಾರಿನಲ್ಲಿ ಮುಜುರೆ ಮಾಡಿ ಹಿಂತಿರುಗುವುದಷ್ಟೇ ಗೊತ್ತಿದ್ದ ಜನಕ್ಕೆ, ಕೂತು ರಾಜ್ಯದ ಆದಾಯ ವೆಚ್ಚ ಕೇಳುವ ಯೋಗ ಬಂತು.

ಹಾಗಂತ ಅದನ್ನು ಇಂದಿನ ವಿಧಾನಸಭೆಯಂತೆ ತಿಳಿಯಬಾರದು. ಸದಸ್ಯರನ್ನು ಜನ ಆರಿಸಿರಲಿಲ್ಲ, ಲೋಕಲ್ ಫಂಡ್ ಬೋರ್ಡುಗಳ ಮೂಲಕ ಹೆಸರು ಬರುತ್ತಿತ್ತು. ಬಜೆಟ್ಟಿಗೆ ಮತ ಹಾಕುವ ಅಧಿಕಾರವೂ ಇರಲಿಲ್ಲ. ಭೂಮಿ ಇಲ್ಲದ ಕೂಲಿಕಾರರಿಗೆ, ಹೆಂಗಸರಿಗೆ ಅಲ್ಲಿ ಜಾಗವಿರಲಿಲ್ಲ. ಅಹವಾಲು ಹೇಳಬಹುದು, ನಡೆಸಿಕೊಡುವುದು ಬಿಡುವುದು ಸರ್ಕಾರದ ಇಷ್ಟ. ಆದರೆ ಒಂದು ಸಲ ಜನರೆದುರು ಲೆಕ್ಕ ಹೇಳಿದ ಸರ್ಕಾರ ಮಾರನೇ ವರ್ಷ ಬಾಯಿ ಮುಚ್ಚಿ ಕೂರಲು ಆಗುವುದಿಲ್ಲ ನೋಡಿ. ಹೋದ ವರ್ಷ ಹೇಳಿದ್ದು ಏನಾಯ್ತು ಅಂತ ಕೇಳುವವರು ಹುಟ್ಟಿಕೊಳ್ಳುತ್ತಾರೆ. ಆ ಸಭೆಯ ನಿಜವಾದ ಬಲ ಅಲ್ಲಿತ್ತು.

ದಿವಾನರ ಎಲ್ಲ ಕ್ರಮಗಳೂ ಜನಕ್ಕೆ ಹಿಡಿಸಲಿಲ್ಲ. ಖರ್ಚು ತಗ್ಗಿಸಲು ಹಾಸನ ಮತ್ತು ಚಿತ್ರದುರ್ಗ ಜಿಲ್ಲೆಗಳನ್ನೇ ರದ್ದು ಮಾಡಿದರು, ಎಂಟು ಜಿಲ್ಲೆ ಆರಾದವು. ಆ ಭಾಗದವರಿಗೆ ಬೇಸರವಾಗದೇ ಇದ್ದೀತೆ? ಅವರ ಕಾಲದ ನಂತರ ಆ ಜಿಲ್ಲೆಗಳನ್ನು ಮತ್ತೆ ಸ್ಥಾಪಿಸಬೇಕಾಯಿತು. ಇನ್ನೊಂದು ಕಡೆ, ಬರ ಬಂದಾಗ ಕಾಳು ಸಾಗಿಸಲು ರೈಲು ಬೇಕೆಂಬ ಪಾಠ ಮರೆಯದೆ ಬೆಂಗಳೂರು ಮೈಸೂರು ರೈಲು ದಾರಿಯನ್ನು 1882ರಲ್ಲಿ ಪೂರ್ತಿ ಮಾಡಿಸಿದರು. ಕೈ ಬಿಗಿ ಹಿಡಿಯಬೇಕಾದಲ್ಲಿ ಹಿಡಿದು, ಬಿಚ್ಚಬೇಕಾದಲ್ಲಿ ಬಿಚ್ಚಿದವರು ಅವರು.

ವಿಧಿ ಅವರಿಗೆ ಹೆಚ್ಚು ಕಾಲ ಕೊಡಲಿಲ್ಲ. ಎರಡೇ ಅಧಿವೇಶನ ನಡೆಸಿ, 1883ರ ಜನವರಿ 20ರಂದು ಮದ್ರಾಸಿನಲ್ಲಿ ತೀರಿಕೊಂಡರು. ದಿವಾನಗಿರಿ ಮಾಡಿದ್ದು ಎರಡು ವರ್ಷವೂ ತುಂಬಲಿಲ್ಲ. ಅವರು ನೆಟ್ಟ ಸಸಿ ಮಾತ್ರ ಬಾಡಲಿಲ್ಲ. ಮುಂದಿನ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1891ರ ಹೊತ್ತಿಗೆ, ಆ ಸಭೆಗೆ ಚುನಾವಣೆ ಬಂತು. 1923ರಲ್ಲಿ ಅದಕ್ಕೆ ಕಾನೂನಿನ ಆಧಾರ ಸಿಕ್ಕಿತು. 1949ರವರೆಗೂ ಆ ಸಭೆ ಬಾಳಿತು. ಮೈಸೂರಿನ ಪುರಭವನ ಇಂದಿಗೂ ರಂಗಾಚಾರ್ಲು ಸ್ಮಾರಕ ಭವನವೇ.

ಸದಸ್ಯ ಬಾಂಧವರೇ, ಸರ್ಕಾರವಿರಲಿ ಸಂಘವಿರಲಿ, ನಂಬಿಕೆ ಅನ್ನೋದು ಲೆಕ್ಕದ ಪುಸ್ತಕ ಬಿಚ್ಚಿಟ್ಟಷ್ಟೇ ಬೆಳೆಯುತ್ತದೆ. ಈಗ 2005ರ ಮಾಹಿತಿ ಹಕ್ಕು ಕಾಯಿದೆ ಕೈಯಲ್ಲಿದೆ, ಅರ್ಜಿ ಹಾಕಿ ಕೇಳಬಹುದು. ರಂಗಾಚಾರ್ಲು ಕೇಳುವ ಮೊದಲೇ ಹೇಳಿದರು. ಆದರೆ ಹೇಳುವವರಿದ್ದರೆ ಸಾಲದು, ಕೇಳಲು ಬರುವವರೂ ಬೇಕು. ಅಂದು ಗಾಡಿ ಕಟ್ಟಿಕೊಂಡು ದೂರದ ತಾಲ್ಲೂಕುಗಳಿಂದ ಮೈಸೂರಿಗೆ ಹೋದವರಿದ್ದರು. ನಮ್ಮ ಸರ್ವ ಸದಸ್ಯರ ಸಭೆ ನಡೆಯುವುದು ನಾಲ್ಕು ಹೆಜ್ಜೆ ದೂರದಲ್ಲಿ. ನೋಟೀಸು ಬಂದಾಗ ದಯಮಾಡಿ ಬನ್ನಿ. ಅಢಾವೆ ಪತ್ರಿಕೆ ಓದುವಾಗ ಕಿವಿಗೊಡಿ, ಅರ್ಥವಾಗದ್ದನ್ನು ಎದ್ದು ನಿಂತು ಕೇಳಿ. ಆಡಳಿತ ಮಂಡಳಿಯವರು ಬೇಸರ ಮಾಡಿಕೊಳ್ಳದೆ ಉತ್ತರ ಕೊಡಲಿ. ಬೆಳ್ಳಿ ಹಬ್ಬದಿಂದ ಚಿನ್ನದ ಹಬ್ಬಕ್ಕೆ ಸಂಘ ನಡೆದು ಹೋಗಬೇಕಾದರೆ ದಾರಿ ಅದೊಂದೇ.